ರೋಲರ್ ಎಳೆದ ಕೈ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಆಟದ ವಿಷಯವಾಗಿ ಏನಾದರೂ ಬರೆದುಕೊಡಿ ಎಂದು ಗುರುಗಳು ಕೇಳಿದಾಗ ನನಗೆ ಮೊದಲು ನೆನಪಾದವರು ಪಾಲವಣಕರ ಬಾಳೂ. ನಮ್ಮ ಲೋಂಡಾ ಜಂಕ್ಷನ್ನಿನಿಂದ ಒಂದು ಹಳಿ ಧಾರವಾಡಕ್ಕೆ, ಇನ್ನೊಂದು ಬೆಳಗಾವಿ ಮೇಲೆ ಹಾಯ್ದು ಪುಣೆಗೆ ಹೋಗುತ್ತದೆ. ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, ಆಟ ಕಲಿತದ್ದು ಪುಣೆಯಲ್ಲಿ.

1870ರ ದಶಕದಲ್ಲಿ ಚಮ್ಮಾರ ಕುಟುಂಬದಲ್ಲಿ ಜನಿಸಿದ ಅವರು ಹುಡುಗನಿದ್ದಾಗಲೇ ಪುಣೆಯ ಕ್ರಿಕೆಟ್ ಮೈದಾನದಲ್ಲಿ ಕೂಲಿಗೆ ನಿಂತರು. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಬಲೆ ಕಟ್ಟುವುದು ಅವರ ಕೆಲಸ. ಆಂಗ್ಲ ಅಧಿಕಾರಿಗಳ ಅಭ್ಯಾಸಕ್ಕೆ ಎಡಗೈಯಿಂದ ಚೆಂಡು ಎಸೆದು ಎಸೆದು ನಿಪುಣರಾದರು. ಆದರೆ ಅಲ್ಲಿ ಬ್ಯಾಟು ಹಿಡಿಯುವ ಭಾಗ್ಯ ಅವರಿಗಿರಲಿಲ್ಲ.

ಮುಂದೆ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದೊಳಗೆ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವರು ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಿತ್ತು. ನಂತರ ಅವರು ಮುಂಬಯಿಗೆ ಹೋಗಿ ರೈಲ್ವೆಯಲ್ಲಿ ನೌಕರಿ ಮಾಡುತ್ತ ಅಲ್ಲಿನ ಹಿಂದೂ ತಂಡಕ್ಕೆ ಆಡಿದರು. 1906ರಲ್ಲಿ ಆ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಳೂ ಒಬ್ಬರೇ 114 ವಿಕೆಟ್ ಪಡೆದರು.

ಇಷ್ಟಾದರೂ ಅವರಿಗೆ ನಾಯಕತ್ವ ಸಿಗಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ, ಆಮೇಲೆ ನಾಯಕತ್ವದಲ್ಲೂ ಅನ್ಯಾಯವಾದಾಗ, ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಆಡಲು ಒಪ್ಪದೆ ಹಿಂದೆ ಸರಿದರು. ಜನರ ಒತ್ತಾಯ ಹೆಚ್ಚಿತು. ಫೈನಲ್ಲಿಗೆ ಬಾಳೂ ಉಪನಾಯಕರಾದರು. ನಾಯಕರು ಸ್ವಲ್ಪ ಹೊತ್ತು ಮೈದಾನ ಬಿಟ್ಟು ತಂಡವನ್ನು ಅವರ ಕೈಗೆ ಕೊಟ್ಟರು. 1923ರಲ್ಲಿ ವಿಠ್ಠಲ ಪೂರ್ಣ ನಾಯಕರಾದರು. ಅಣ್ಣ ಎಳೆದ ರೋಲರಿನ ಫಲ ತಮ್ಮನಿಗೆ ದಕ್ಕಿತು ಎಂದೇ ನಾನು ತಿಳಿಯುತ್ತೇನೆ.

ಧರ್ಮವಾರು ತಂಡಗಳ ಆ ಪಂದ್ಯಾವಳಿ 1946ರಲ್ಲಿ ನಿಂತಿತು. ಅದರೊಂದಿಗೆ ಹಿಂದೂ ತಂಡವೂ ಇಲ್ಲವಾಯಿತು. ನಿಂತದ್ದು ಒಳ್ಳೆಯದೇ ಆಯಿತು. ಬಾಳೂ 1955ರಲ್ಲಿ ತೀರಿಕೊಂಡರು.

ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ನಾವು ಕೆಲವು ಗೆಳೆಯರು ಬೇರೊಂದು ಊರಿಗೆ ಆಡಲು ಹೋಗಿದ್ದೆವು. ನಮ್ಮೆಲ್ಲರಿಗೂ ಲೋಟದಲ್ಲಿ ನೀರು ಬಂತು. ನಮ್ಮ ಒಳ್ಳೆಯ ಬೌಲರನಿಗೆ ಮಾತ್ರ ಬೊಗಸೆಗೆ ಮೇಲಿನಿಂದ ಹೊಯ್ದರು. ಅವನು ಕುಡಿದು, ಬಾಯಿ ಒರೆಸಿಕೊಂಡು, ಬೌಲಿಂಗಿಗೆ ಹೋದ. ನಾವು ಗೆದ್ದೆವು. ಮರಳಿ ಬರುವಾಗ ರೈಲಿನಲ್ಲಿ ಎಲ್ಲರೂ ಹಾಡಿದೆವು, ಅವನೂ ಹಾಡಿದ. ನೀರಿನ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಾಳೂ ಅವರ ಚರಿತ್ರೆ ಓದಿದ್ದು ಬಹಳ ವರ್ಷಗಳ ಮೇಲೆ. ಆಗ ನನ್ನ ಕೈಯಲ್ಲಿದ್ದ ಆ ಲೋಟ ನೆನಪಾಯಿತು. ಅಂದು ನಾನು ಅದನ್ನು ಕೆಳಗಿಟ್ಟು ಗೆಳೆಯನ ಪಕ್ಕದಲ್ಲಿ ಬೊಗಸೆ ಒಡ್ಡಬಹುದಿತ್ತು. ಈಗ ಶಾಲೆಯ ಮೈದಾನದಲ್ಲಿ ಆಡುವ ಮಕ್ಕಳಿಗೆ ನನ್ನದೊಂದೇ ವಿನಂತಿ: ತಂಡ ಕಟ್ಟುವಾಗ ನೀರಿನ ಲೋಟವನ್ನೂ ಒಂದೇ ಇಡಿರಿ.