ರುಡಾಲ್ಫ್ ಡೀಸೆಲ್: ತರಗತಿಯಿಂದ ಕಾರ್ಖಾನೆಯ ಅಂಗಳಕ್ಕೆ

ಪೆಟ್ರೋಲ್ ಬಂಕಿನಲ್ಲಿ, ಲಾರಿಯ ಟ್ಯಾಂಕಿನ ಮೇಲೆ ನಾವು ದಿನವೂ ಓದುವ 'ಡೀಸೆಲ್' ಎಂಬ ಪದ ಒಬ್ಬ ಮನುಷ್ಯನ ಮನೆತನದ ಹೆಸರು ಎಂದರೆ ತರಗತಿಯಲ್ಲಿ ಮಕ್ಕಳು ಸುಲಭವಾಗಿ ನಂಬುವುದಿಲ್ಲ. ಆತ ವಿದ್ಯಾರ್ಥಿವೇತನದ ಬಲದಿಂದ ಓದಿದ ಬಡವರ ಮನೆಯ ಹುಡುಗ, ಕಾಯಿಲೆಯಿಂದ ಅಂತಿಮ ಪರೀಕ್ಷೆಯನ್ನೇ ತಪ್ಪಿಸಿಕೊಂಡವನು ಎಂದರೆ ಮಾತ್ರ ಕಿವಿಗೊಟ್ಟು ಕೇಳುತ್ತಾರೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಥಿಯೋಡರ್ ಜರ್ಮನಿಯ ಆಗ್ಸ್‌ಬರ್ಗ್ ಊರಿನ ಮೂಲದವರು. ಪುಸ್ತಕಗಳಿಗೆ ರಟ್ಟು ಕಟ್ಟುವುದು, ಚರ್ಮದ ಸಾಮಾನು ಮಾಡುವುದು ಅವರ ಕಸುಬು. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೇ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾದ ನಡುವೆ ಯುದ್ಧ ಶುರುವಾದಾಗ ಜರ್ಮನ್ ಮೂಲದವರೆಲ್ಲ ಪ್ಯಾರಿಸ್ ಬಿಡಬೇಕಾಯಿತು. ಕುಟುಂಬ ಲಂಡನ್ ಸೇರಿತು. ಅಲ್ಲಿ ಎಲ್ಲರ ಹೊಟ್ಟೆ ತುಂಬುವುದೇ ಕಷ್ಟವಾದ್ದರಿಂದ ಹನ್ನೆರಡು ವರ್ಷದ ರುಡಾಲ್ಫನನ್ನು ಆಗ್ಸ್‌ಬರ್ಗಿನ ಬಂಧುಗಳಾದ ಬಾರ್ನಿಕೆಲ್ ಅವರ ಮನೆಗೆ ಕಳುಹಿಸಿದರು. ಮನೆಯ ಯಜಮಾನ ಗಣಿತದ ಮೇಷ್ಟ್ರು. ಹುಡುಗನನ್ನು ಅವರು ತಾವು ಪಾಠ ಹೇಳುತ್ತಿದ್ದ ಕಸುಬಿನ ಶಾಲೆಗೇ ಸೇರಿಸಿದರು. ಒಬ್ಬ ಮೇಷ್ಟ್ರ ಮನೆಯಲ್ಲಿ ಸಿಕ್ಕ ಆಸರೆ ಎಂಥ ಫಲ ಕೊಡುತ್ತದೆ ಎಂದು ಯೋಚಿಸಿದಾಗ ಶಿಕ್ಷಕನಾದ ನನಗೆ ಹೆಮ್ಮೆಯೆನಿಸುತ್ತದೆ. 1873ರಲ್ಲಿ ತರಗತಿಗೇ ಮೊದಲಿಗನಾಗಿ ತೇರ್ಗಡೆಯಾದ ರುಡಾಲ್ಫ್ ಅಲ್ಲಿನ ಕೈಗಾರಿಕಾ ಶಾಲೆಗೆ ಸೇರಿದ.

1875ರಲ್ಲಿ ಮ್ಯೂನಿಕ್‌ನ ಪಾಲಿಟೆಕ್ನಿಕ್ ಅವನಿಗೆ ಪ್ರತಿಭಾ ವಿದ್ಯಾರ್ಥಿವೇತನ ನೀಡಿತು. ತಂದೆತಾಯಿಗೆ ಇದು ಅಷ್ಟು ಹಿಡಿಸಲಿಲ್ಲ. ಮಗ ಓದಿದ್ದು ಸಾಕು, ಇನ್ನು ದುಡಿದು ನಾಲ್ಕು ಕಾಸು ತರಲಿ ಎಂಬುದು ಅವರ ಆಸೆ. ಈ ಮಾತು ನಮ್ಮ ಊರುಗಳಲ್ಲಿ ಎಷ್ಟು ಮನೆಗಳದ್ದು ಎಂಬುದು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ರುಡಾಲ್ಫ್ ಅವರ ಮಾತನ್ನು ಮೀರಿ ಮ್ಯೂನಿಕ್‌ಗೆ ಹೋದರು.

ಅಲ್ಲಿ ಅವರಿಗೆ ದೊರೆತ ಗುರು ಕಾರ್ಲ್ ಫಾನ್ ಲಿಂಡೆ. ಶೀತಲೀಕರಣ ಯಂತ್ರವನ್ನು ಕಾರ್ಖಾನೆಗಳಿಗೆ ತಂದ ವಿದ್ವಾಂಸರು ಇವರು. ವಿದ್ಯಾರ್ಥಿಗಳು ಯಂತ್ರಗಳನ್ನು ಓಡಿಸಿ, ಅಳೆದು ಕಲಿಯಲೆಂದು ಕಾಲೇಜಿನಲ್ಲಿ ಯಂತ್ರಗಳ ಪ್ರಯೋಗಾಲಯವನ್ನೂ ಕಟ್ಟಿಸಿದ್ದರು. ಉಷ್ಣವನ್ನು ಕೆಲಸವಾಗಿ ಮಾರ್ಪಡಿಸುವ ಬಗ್ಗೆ 1878ರಲ್ಲಿ ಲಿಂಡೆ ಮಾಡಿದ ಪಾಠವೊಂದು ಡೀಸೆಲರ ಮನಸ್ಸಿನಲ್ಲಿ ನಾಟಿತು. ಆಗಿನ ಒಳ್ಳೆಯ ಉಗಿಯಂತ್ರಗಳೂ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚನ್ನು ಕೆಲಸವಾಗಿ ಮಾರ್ಪಡಿಸುತ್ತಿರಲಿಲ್ಲ. ಉಳಿದದ್ದೆಲ್ಲ ವ್ಯರ್ಥ. ಉಗಿಯ ಗೊಡವೆಯಿಲ್ಲದೆ ಶಾಖವನ್ನು ನೇರವಾಗಿ ಕೆಲಸಕ್ಕೆ ಹಚ್ಚಲಾಗದೇ ಎಂಬ ಪ್ರಶ್ನೆಯನ್ನು ಅವರು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಇಪ್ಪತ್ತರ ಹರೆಯದ ಆ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಹತ್ತೊಂಬತ್ತು ವರ್ಷ ಬೇಕಾಯಿತು.

1879ರ ಜುಲೈ. ಅಂತಿಮ ಪರೀಕ್ಷೆ ಹತ್ತಿರ ಬಂದಾಗ ಟೈಫಾಯಿಡ್ ಜ್ವರ ಅವರನ್ನು ಮಲಗಿಸಿಬಿಟ್ಟಿತು. ಜೊತೆಯವರು ಪದವಿ ಪಡೆದು ಹೊರಟರು. ಇವರು ಮುಂದಿನ ಪರೀಕ್ಷೆಯವರೆಗೆ ಕಾಯಬೇಕಾಯಿತು. ಆ ಕಾಲವನ್ನು ಅವರು ಸ್ವಿಟ್ಜರ್‌ಲೆಂಡಿನ ವಿಂಟರ್‌ಟೂರ್‌ನಲ್ಲಿದ್ದ ಸುಲ್ಜರ್ ಸಹೋದರರ ಯಂತ್ರ ಕಾರ್ಖಾನೆಯಲ್ಲಿ ಕಳೆದರು. ಕಾಗದದ ಮೇಲೆ ಎಳೆದ ಗೆರೆ ಕಬ್ಬಿಣವಾಗುವ ಬಗೆಯನ್ನು ಅಲ್ಲಿ ಕೆಲಸಗಾರರ ನಡುವೆ ನಿಂತು ಕಲಿತರು. ಎರಕದ ಅಚ್ಚು, ಲೇತ್, ಕೊರೆಯುವ ಯಂತ್ರ, ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೂಡದ ಭಾಗಗಳು: ಇವನ್ನೆಲ್ಲ ಪುಸ್ತಕದಿಂದ ಮಾತ್ರ ಕಲಿತವನಿಗೆ ಯಂತ್ರ ಅರ್ಧವೇ ಗೊತ್ತು. ಕಾರ್ಖಾನೆ ಭೇಟಿಯೆಂದರೆ ಬಸ್ಸಿನ ಪ್ರವಾಸ ಎಂದುಕೊಂಡಿರುವ ನಮ್ಮ ಎಂಜಿನಿಯರಿಂಗ್, ಡಿಪ್ಲೊಮಾ ವಿದ್ಯಾರ್ಥಿಗಳು ಈ ಕೆಲವು ತಿಂಗಳುಗಳನ್ನು ಗಮನಿಸಬೇಕು. 1880ರ ಜನವರಿಯಲ್ಲಿ ಡೀಸೆಲ್ ಪರೀಕ್ಷೆಗೆ ಕುಳಿತು ಅತ್ಯುನ್ನತ ದರ್ಜೆಯಲ್ಲಿ ತೇರ್ಗಡೆಯಾದರು.

ಮುಂದಿನ ಹತ್ತು ವರ್ಷ ಪ್ಯಾರಿಸ್‌ನಲ್ಲಿ ಲಿಂಡೆಯವರ ಮಂಜುಗಡ್ಡೆ ಯಂತ್ರಗಳ ಕೆಲಸ. ಉಗಿಯ ಬದಲು ಅಮೋನಿಯಾ ಬಳಸುವ ಯಂತ್ರಕ್ಕಾಗಿ ವರ್ಷಗಟ್ಟಲೆ ಹೆಣಗಿ ಸೋತರು. 1890ರಲ್ಲಿ ಬರ್ಲಿನ್‌ಗೆ ಹೋದ ಮೇಲೆ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಗಾಳಿಯನ್ನು ಅದಕ್ಕಿಂತ ಬಹಳ ಹೆಚ್ಚು ಒತ್ತಿದರೆ ಅದು ಎಷ್ಟು ಕಾಯುತ್ತದೆಂದರೆ ಒಳಗೆ ಬಿಟ್ಟ ಇಂಧನ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುತ್ತದೆ. ಈ ತತ್ವದ ಯಂತ್ರಕ್ಕೆ ಅವರು 1892ರ ಫೆಬ್ರವರಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಚ್ ಬುಟ್ಸ್ ಮೊದಲು ಒಲ್ಲೆ ಎಂದವರು ನಂತರ ಒಪ್ಪಿದರು. ಹುಡುಗನಾಗಿ ಓದಿದ ಊರಿಗೇ ಡೀಸೆಲ್ ತಮ್ಮ ನಕ್ಷೆಗಳೊಂದಿಗೆ ಮರಳಿದರು.

ಕಾಗದದ ಲೆಕ್ಕವನ್ನು ಕಾರ್ಖಾನೆ ತಿದ್ದಿದ್ದು ಅಲ್ಲಿಯೇ. ಇಂಧನ ಉರಿಯುವಾಗ ತಾಪಮಾನ ಏರಲೇಬಾರದು, ಗಾಳಿಯನ್ನು ವಾತಾವರಣದ ಒತ್ತಡದ 250 ಪಟ್ಟಿನಷ್ಟು ಒತ್ತಬೇಕು ಎಂದು ಅವರ ಸಿದ್ಧಾಂತ ಹೇಳುತ್ತಿತ್ತು. ಹಾಗೆ ಮಾಡಿದರೆ ಗಾಳಿಯನ್ನು ಒತ್ತುವುದಕ್ಕೂ ಘರ್ಷಣೆಗೂ ಯಂತ್ರದ ಬಲವೆಲ್ಲ ಖರ್ಚಾಗಿ ಕೈಗೇನೂ ಉಳಿಯುವುದಿಲ್ಲ. ಡೀಸೆಲ್ ಷರತ್ತು ಸಡಿಲಿಸಿದರು, ಒತ್ತಡವನ್ನು ಬಹಳಷ್ಟು ಇಳಿಸಿದರು. ತಾವೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದನ್ನು ಬದಲಿಸಲು ಎದೆಗಾರಿಕೆ ಬೇಕು. 1893ರ ಆಗಸ್ಟ್ 10ರ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಸಾಧನವೇ ಸಿಡಿದುಹೋಯಿತು, ಯಂತ್ರ ಓಡಲಿಲ್ಲ. ಆದರೆ ಇಂಧನ ಕಿಡಿಯಿಲ್ಲದೆ ಹೊತ್ತಿದ್ದು ಖಾತ್ರಿಯಾಯಿತು. 1894ರ ಫೆಬ್ರವರಿ 17ರಂದು ಯಂತ್ರ ಸುಮಾರು ಒಂದು ನಿಮಿಷ ತಾನಾಗಿ ಓಡಿತು. ಅದನ್ನು ಹೊರಗಿನಿಂದ ತಿರುಗಿಸುತ್ತಿದ್ದ ಬೆಲ್ಟಿನ ಚಲನೆ ಬದಲಾದದ್ದನ್ನು ಮೊದಲು ಕಂಡವನು ಪಕ್ಕದಲ್ಲಿದ್ದ ಒಬ್ಬ ಕೆಲಸಗಾರ ಎಂದು ಜೀವನಚರಿತ್ರೆಕಾರರು ಹೇಳುತ್ತಾರೆ.

ಮತ್ತೆ ಮೂರು ವರ್ಷ ಸಿಲಿಂಡರ್, ಇಂಧನ ಚಿಮ್ಮಿಸುವ ನಳಿಕೆ, ಪಿಸ್ಟನ್ನಿನ ಬಳೆಗಳನ್ನು ತಿದ್ದುವುದರಲ್ಲೇ ಕಳೆಯಿತು. 1897ರ ಫೆಬ್ರವರಿ 17ರಂದು ಹೊಸ ಯಂತ್ರವನ್ನು ಅಧಿಕೃತವಾಗಿ ಪರೀಕ್ಷಿಸಲಾಯಿತು. ಅಳೆಯಲು ಬಂದವರು ಮೋರಿಟ್ಸ್ ಶ್ರೋಟರ್, ಡೀಸೆಲ್ ಓದಿದ ಮ್ಯೂನಿಕ್ ಕಾಲೇಜಿನ ಪ್ರಾಧ್ಯಾಪಕರು. ಯಂತ್ರದ ಶಕ್ತಿ ಸುಮಾರು 18 ಅಶ್ವಶಕ್ತಿ. ಇಂಧನದ ಶಾಖದಲ್ಲಿ ಶೇಕಡಾ 26.2ರಷ್ಟು ಕೆಲಸವಾಗಿ ಮಾರ್ಪಟ್ಟಿತ್ತು. ಲಿಂಡೆಯವರ ತರಗತಿಯಲ್ಲಿ ಕೇಳಿದ ಲೆಕ್ಕಕ್ಕೆ ಹೋಲಿಸಿದರೆ ಎರಡೂವರೆ ಪಟ್ಟಿಗೂ ಮಿಕ್ಕಿ! 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇದೇ ಬಗೆಯ ಚಿಕ್ಕ ಯಂತ್ರವೊಂದನ್ನು ಬರೀ ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದರು.

ಹಣವೂ ಕೀರ್ತಿಯೂ ಬಂದವು. ಕೀರ್ತಿ ಉಳಿಯಿತು, ಹಣ ಉಳಿಯಲಿಲ್ಲ. ಪೇಟೆಂಟ್ ವ್ಯಾಜ್ಯಗಳು, ಕೈಹಿಡಿಯದ ಹೂಡಿಕೆಗಳು, ಕೆಟ್ಟ ಆರೋಗ್ಯ ಅವರನ್ನು ಹಣ್ಣು ಮಾಡಿದವು. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ 'ಡ್ರೆಸ್ಡೆನ್' ಹಡಗಿನಲ್ಲಿ ಊಟ ಮುಗಿಸಿ ಕೋಣೆಗೆ ಹೋದವರು ಬೆಳಿಗ್ಗೆ ಅಲ್ಲಿರಲಿಲ್ಲ. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಸಿಕ್ಕ ದೇಹದ ಮೇಲಿನ ವಸ್ತುಗಳನ್ನು ಮಗ ಗುರುತಿಸಿದರು. ಆಗ ಅವರಿಗೆ 55 ವರ್ಷ. 1897ರ ಆ ಯಂತ್ರ ಇಂದು ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿದೆ, ಅವರು ವಿದ್ಯಾರ್ಥಿವೇತನದಿಂದ ಓದಿದ ಊರಿನಲ್ಲೇ.