ಮೆಕೆಂಜಿ ಬರೆಸಿದ ಮನೆಮಾತು

ನಮ್ಮ ಸರ್ವೆ ತರಗತಿಯಲ್ಲಿ ಕಾಲಿನ್ ಮೆಕೆಂಜಿಯ ಹೆಸರು ಬಂದು ಹೋಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಭಾರತದ ಮೊದಲ ಸರ್ವೇಯರ್ ಜನರಲ್, 1815. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆತನ ಬಗ್ಗೆ ಓದುತ್ತಾ ಹೋದ ಹಾಗೆ ನನಗೆ ದೊಡ್ಡದಾಗಿ ಕಂಡಿದ್ದು ಆತ ನೆಲ ಅಳೆದದ್ದಲ್ಲ, ಅಳೆಯಲು ಹೋದ ಊರುಗಳಲ್ಲಿ ಜನರ ಕಥೆಗಳನ್ನು ಬರೆಸಿಟ್ಟದ್ದು.

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ. ಅಲ್ಲಿ ಸುಂಕದ ಕಟ್ಟೆಯಲ್ಲಿ ಕೆಲಸದಲ್ಲಿದ್ದವನು 1783ರಲ್ಲಿ ಮದರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ಎಂಜಿನಿಯರ್ ಆದ. ಮತ್ತೆ ಊರಿಗೆ ಮರಳಲೇ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಆತನೂ ಇದ್ದ. ಆಮೇಲೆ ಮೈಸೂರು ಸೀಮೆಯ ಸರ್ವೆ ಆತನ ಹೆಗಲಿಗೆ ಬಿತ್ತು. ಸುಮಾರು 40 ಸಾವಿರ ಚದರ ಮೈಲಿ. ನಮ್ಮ ಹುಲಿಕಲ್ ಸೇರಿದ ನಗರ ಸೀಮೆಯೂ ಅದರೊಳಗೆ ಬಂತು.

ವಿಚಿತ್ರವೆಂದರೆ ಈ ಮನುಷ್ಯನಿಗೆ ಕನ್ನಡ ಬರುತ್ತಿರಲಿಲ್ಲ. ತೆಲುಗು, ತಮಿಳೂ ಅಷ್ಟೆ. ಹಾಗಾಗಿ ಆತ ಮಾಡಿದ ಅತಿ ಬುದ್ಧಿವಂತಿಕೆಯ ಕೆಲಸವೆಂದರೆ ಭಾಷೆ ಬಲ್ಲವರನ್ನು ಹುಡುಕಿ ಕೆಲಸವನ್ನು ಅವರ ಕೈಗೇ ಬಿಟ್ಟದ್ದು. ಏಲೂರಿನ ಕಾವಲಿ ವೆಂಕಟ ಬೋರಯ್ಯ 1796ರಲ್ಲಿ ಬಂದು ಸೇರಿಕೊಂಡ. ಆಗ ಅವನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಊರ ಹಿರಿಯರನ್ನು ಮಾತಿಗೆಳೆಯುವ ಕಲೆ ಅವನಿಗಿತ್ತು. ಮೂವತ್ತು ತುಂಬುವ ಮೊದಲೇ, 1803ರಲ್ಲಿ ತೀರಿಕೊಂಡ. ತಮ್ಮ ಲಕ್ಷ್ಮಯ್ಯ ಆ ಜಾಗಕ್ಕೆ ನಿಂತ. ನಮ್ಮ ಕನ್ನಡದವರೂ ಇದ್ದರು. ಹಳಗನ್ನಡದ ಶಾಸನ ಓದಬಲ್ಲ ಜೈನ ವಿದ್ವಾಂಸ ಧರ್ಮಯ್ಯ ಒಬ್ಬ. 1804ರಲ್ಲಿ ಕನಕಗಿರಿಯಲ್ಲಿ ಮೆಕೆಂಜಿಯನ್ನು ಕಂಡ ದೇವಚಂದ್ರ ಇನ್ನೊಬ್ಬ. ಈ ದೇವಚಂದ್ರನೇ ಮುಂದೆ ‘ರಾಜಾವಳಿ ಕಥೆ’ ಬರೆದವನು.

ಇವರೆಲ್ಲ ಸಂಗ್ರಹಿಸಿದ ಊರ ವೃತ್ತಾಂತಗಳಿಗೆ ಕೈಫಿಯತ್ತು ಎಂದು ಹೆಸರು. ಊರಿಗೆ ಆ ಹೆಸರು ಹೇಗೆ ಬಂತು, ಕೆರೆ ಕಟ್ಟಿಸಿದ್ದು ಯಾರು, ಇಲ್ಲಿನ ಪಾಳೆಯಗಾರರ ಮೂಲ ಪುರುಷ ಎಲ್ಲಿಂದ ಬಂದ, ಯಾರ ಮಗ ಯಾರು ಇಂಥವೇ ಅದರಲ್ಲಿರುವುದು. ಶಾನುಭೋಗರ ಮನೆಯ ಕಡತಗಳಿಂದ ಕೆಲವು ಬಂದವು. ಕಡತ ಎಂದರೆ ಬಟ್ಟೆಗೆ ಇದ್ದಿಲು, ಹುಣಸೆಬೀಜದ ಅಂಟು ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಈಗ ನಾವು ಸ್ಕ್ರಾಪ್‌ಬುಕ್ ಎನ್ನುವುದಕ್ಕೆ ನಮ್ಮ ಕಡೆಯ ಮುತ್ತಜ್ಜ ಅದೇ ಇರಬೇಕು. ಸಹಾಯಕರು ಯಾವ ದಿನ ಯಾವ ಊರು ತಲುಪಿದೆವು, ಯಾರು ಏನು ಹೇಳಿದರು ಎಂದು ತಿಂಗಳ ವರದಿಯನ್ನೂ ಕಳಿಸುತ್ತಿದ್ದರು. ಅಲಂಕಾರ ಏನೂ ಇಲ್ಲ. ಕೇಳು, ಬರೆ, ಹೇಳಿದವರ ಗುರುತು ಹಾಕು.

ಇದಕ್ಕೆಲ್ಲ ಮೆಕೆಂಜಿ ಸ್ವಂತ ಸಂಬಳವನ್ನೇ ಸುರಿದ. 1821ರಲ್ಲಿ ಕಲ್ಕತ್ತೆಯ ಬಳಿ ತೀರಿಕೊಂಡಾಗ ರಾಶಿ ಬಿದ್ದಿದ್ದ ಸಂಗ್ರಹವನ್ನು ಕಂಪನಿ ಸರ್ಕಾರ ಆತನ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಪಟ್ಟಿ ಮಾಡಿ ಪ್ರಕಟಿಸಿದ: ಶಾಸನಗಳ ಪ್ರತಿಗಳೇ 8,076, ಊರ ವೃತ್ತಾಂತಗಳು 2,070. ಲಕ್ಷ್ಮಯ್ಯ ಈ ಕೆಲಸವನ್ನು ತಾನು ಮುಂದುವರಿಸುತ್ತೇನೆ ಎಂದು ಕೇಳಿಕೊಂಡ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಅವನಿಗೆ ಆ ಯೋಗ್ಯತೆ ಇಲ್ಲ ಎಂದುಬಿಟ್ಟಿತು! ಇಪ್ಪತ್ತು ವರ್ಷ ಅದನ್ನೇ ಮಾಡಿದವನಿಗೆ. ಇದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ.

ನಮ್ಮ ಕಾಲದಲ್ಲಿ ಎಂ.ಎಂ. ಕಲಬುರ್ಗಿಯವರು ಕನ್ನಡ ಕೈಫಿಯತ್ತುಗಳನ್ನು ಸಂಪಾದಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಅದನ್ನು ತಿರುವಿದರೆ ಮೆಕೆಂಜಿಯ ಮಿತಿಯೂ ಕಾಣುತ್ತದೆ. ಆಳುವ ಕಂಪನಿಗೆ ನೆಲದ ಹಕ್ಕು ಯಾರದೆಂದು ತಿಳಿಯಬೇಕಿತ್ತು, ಹಾಗಾಗಿ ಕೇಳಿದ್ದು ಹೆಚ್ಚಾಗಿ ಶಾನುಭೋಗರನ್ನು, ಅರ್ಚಕರನ್ನು, ಗೌಡರನ್ನು. ಅಡುಗೆಮನೆಯ ಕಡೆಗೆ ಯಾರೂ ಹೋದಂತಿಲ್ಲ. ಮದುವೆಯಾಗಿ ಬಂದ ಹೆಣ್ಣುಮಗಳು ಯಾವ ಘಾಟಿ ಇಳಿದು ತವರಿಗೆ ಹೋಗುತ್ತಿದ್ದಳು ಎಂಬುದು ಯಾವ ಕೈಫಿಯತ್ತಿಗೂ ಬೇಕಾಗಲಿಲ್ಲ.

ನಮ್ಮ ಮನೆಯಲ್ಲಿ ಅದೆಲ್ಲ ಗೊತ್ತಿರುವುದು ಅಮ್ಮಮ್ಮನಿಗೆ ಮಾತ್ರ. ಅವರಿಗೀಗ ಎಂಬತ್ತೆರಡು. ಹುಲಿಕಲ್ಲಿನ ಮಳೆ ಗೊತ್ತಲ್ಲ, ಆಗುಂಬೆಯನ್ನೂ ಹಿಂದೆ ಹಾಕುವ ವರ್ಷಗಳುಂಟು. ಟ್ರಂಕಿನೊಳಗಿನ ಫೋಟೊಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ. ಬೆಂಗಳೂರಿನಲ್ಲಿರುವ ನನ್ನ ಅತ್ತಿಗೆ ಎರಡು ವರ್ಷದ ಹಿಂದೆ ದಪ್ಪ ಹಾಳೆಯ ಆಲ್ಬಮ್, ಸ್ಟಿಕರ್, ಬಣ್ಣದ ಟೇಪು, ಅಂಚು ಕತ್ತರಿಸುವ ಕತ್ತರಿ ಎಲ್ಲ ತಂದಿದ್ದರು. ಎರಡು ಪುಟ ತುಂಬಾ ಚೆನ್ನಾಗಿ ಬಂತು. ಮೂರನೆಯದಕ್ಕೆ ಪುರುಸೊತ್ತಾಗಲಿಲ್ಲ.

ಈ ಬೇಸಿಗೆ ರಜೆಯಲ್ಲಿ ನಾನು ಮೆಕೆಂಜಿಯ ದಾರಿ ಹಿಡಿದಿದ್ದೇನೆ. ಗೆರೆ ಹೊಡೆದ ಒಂದು ಲಾಂಗ್‌ಬುಕ್, ಒಂದು ಪೆನ್ಸಿಲ್. ಫೋಟೊದ ಹಿಂದೆ ಮೆಲ್ಲಗೆ ಒಂದು ನಂಬರು, ಪುಸ್ತಕದಲ್ಲಿ ಅದೇ ನಂಬರಿನ ಎದುರು ಯಾರು, ಎಲ್ಲಿ, ಯಾವಾಗ, ಹೇಳಿದ್ದು ಯಾರು. ಮೊಬೈಲಿನಲ್ಲಿ ಫೋಟೊದ ಒಂದು ಪ್ರತಿ. ಅಮ್ಮಮ್ಮ ಅಡಿಕೆ ಕತ್ತರಿಸುತ್ತಾ ಹೇಳುವಾಗ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ತಡೆಯುವುದಿಲ್ಲ. ಬಾಳೆಬರೆ ಘಾಟಿ ಇಳಿದು ಹೊಸಂಗಡಿಗೆ ನಡೆದದ್ದು, ಮಾಣಿ ಡ್ಯಾಮಿನ ನೀರು ನಿಂತ ಮೇಲೆ ಕಾಣದಾದ ನೆಂಟರ ಗದ್ದೆ, ಉಪ್ಪಿನಕಾಯಿಗೆಂದು ಬೆಟ್ಟದಿಂದ ತರುತ್ತಿದ್ದ ಅಪ್ಪೆಮಿಡಿ ಎಲ್ಲ ಅದರಲ್ಲಿ ಬರುತ್ತದೆ. ಒಂದು ಫೋಟೊಗೆ ಒಂದು ಮಧ್ಯಾಹ್ನ.

ಹದಿನೇಳು ಮುಗಿದಿವೆ. ಹದಿನೆಂಟನೆಯದರಲ್ಲಿ ಮದುವೆ ಚಪ್ಪರದ ಅಂಚಿಗೆ ನಿಂತ ಹೆಂಗಸು ಯಾರೆಂಬ ಬಗ್ಗೆ ಅಮ್ಮಮ್ಮನಿಗೂ ಅವರ ತಂಗಿಗೂ ಹೊಂದಾಣಿಕೆ ಆಗಿಲ್ಲ. ಸದ್ಯಕ್ಕೆ ಇಬ್ಬರ ಮಾತನ್ನೂ ಅವರವರ ಹೆಸರಿನಲ್ಲೇ ಬರೆದಿದ್ದೇನೆ.