ಕೋವಿ ಇಳಿಸಿ ಕ್ಯಾಮೆರಾ ಹಿಡಿದ ತೇಜಸ್ವಿ

ಉಳ್ಳಾಲ: ನೇತ್ರಾವತಿ ಕಡಲು ಸೇರುವ ಅಳಿವೆಯ ಬಳಿ ಚಳಿಗಾಲದಲ್ಲಿ ಕಡಲಹಕ್ಕಿಗಳು ನೆರೆಯುತ್ತವೆ. ಹೊಸದಾಗಿ ಕ್ಯಾಮೆರಾ ಕೊಂಡ ಯುವಕರೂ ಅಲ್ಲಿಗೆ ಬರುತ್ತಾರೆ. ಮನೆಗೆ ಹೋಗಿ ನೋಡಿದರೆ ಹಕ್ಕಿಯಿರಬೇಕಾದ ಜಾಗದಲ್ಲಿ ಮಸುಕಾದ ಬಿಳಿಯ ಚುಕ್ಕೆ. ಇನ್ನೂ ಉದ್ದದ ಲೆನ್ಸ್ ಬೇಕೆಂಬ ಹಂಬಲ ಹುಟ್ಟುವುದು ಆಗಲೇ. ಅಂಥವರು ಕಡಲತೀರ ಬಿಟ್ಟು ಘಟ್ಟ ಹತ್ತಿ, ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಬದುಕಿನತ್ತ ಒಮ್ಮೆ ನೋಡುವುದು ಒಳಿತು.

1938ರ ಸೆಪ್ಟೆಂಬರ್ 8ರಂದು ಜನಿಸಿದ ತೇಜಸ್ವಿ ಕುವೆಂಪು ಅವರ ಹಿರಿಯ ಪುತ್ರ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದವರಿಗೆ ಅಧ್ಯಾಪಕ ವೃತ್ತಿಯ ದಾರಿ ತೆರೆದೇ ಇತ್ತು. ಅವರು ಆರಿಸಿಕೊಂಡದ್ದು ಕಾಫಿ ತೋಟ. 1980ರಲ್ಲಿ 'ಕರ್ವಾಲೊ' ಬಂತು. 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇವೆಲ್ಲ ಓದುಗರಿಗೆ ತಿಳಿದ ಸಂಗತಿಗಳೇ. ಇಂಥ ಕಾದಂಬರಿಗಳನ್ನು ಬರೆಯಬಲ್ಲ ಕೈ ದಿನಗಟ್ಟಲೆ ಹಕ್ಕಿಗಾಗಿ ಕ್ಯಾಮೆರಾ ಹಿಡಿದು ಕೂರುವುದೇಕೆ ಎಂಬ ಪ್ರಶ್ನೆಯೂ ಸಹಜವೇ.

ಅದು ಫಿಲ್ಮ್ ಕಾಲ. ಒಂದು ಸುರುಳಿಗೆ 36 ಚಿತ್ರ. ತೆಗೆದದ್ದು ಹೇಗೆ ಬಂದಿದೆಯೆಂದು ಅಲ್ಲೇ ನೋಡಿಕೊಳ್ಳುವ ಅನುಕೂಲವಿಲ್ಲ. ತಪ್ಪು ಗೊತ್ತಾಗುವ ಹೊತ್ತಿಗೆ ಹಕ್ಕಿಯೂ ಹೋಗಿರುತ್ತದೆ, ಬೆಳಕೂ ಹೋಗಿರುತ್ತದೆ. 400 ಮಿಲಿಮೀಟರ್ ಲೆನ್ಸ್ ದೂರದ ಹಕ್ಕಿಯನ್ನು ಹಿಗ್ಗಿಸುವಷ್ಟೇ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಅದನ್ನು ಕೈಯಲ್ಲೇ ಹಿಡಿದು ತೆಗೆಯುವುದಾದರೆ ಷಟರ್ ವೇಗ ಸೆಕೆಂಡಿನ 1/500 ಭಾಗದಷ್ಟಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಮಲೆನಾಡಿನ ಮರದ ನೆರಳಿನಲ್ಲಿ, ಆಗಿನ ಮಂದಗತಿಯ ಫಿಲ್ಮಿನಲ್ಲಿ, ಆ ವೇಗಕ್ಕೆ ಬೆಳಕೆಲ್ಲಿಂದ ತರುವುದು? ಟ್ರೈಪಾಡ್ ಕೈನಡುಕವನ್ನು ನಿಲ್ಲಿಸೀತು, ಹಕ್ಕಿಯ ಚಡಪಡಿಕೆಯನ್ನಲ್ಲ.

ಉಳಿದ ದಾರಿ ಒಂದೇ: ದೂರವನ್ನೇ ಕಡಿಮೆ ಮಾಡುವುದು. ದೂರ ಅರ್ಧವಾದರೆ ಚಿತ್ರದಲ್ಲಿ ಹಕ್ಕಿ ತುಂಬುವ ಜಾಗ ನಾಲ್ಕು ಪಟ್ಟಾಗುತ್ತದೆ. ಹಣ ಕೊಟ್ಟು ಕೊಳ್ಳುವ ಯಾವ ಲೆನ್ಸಿಗಿಂತಲೂ ಇದು ಅಗ್ಗ, ತಾಳ್ಮೆಯ ಲೆಕ್ಕದಲ್ಲಿ ಮಾತ್ರ ದುಬಾರಿ.

ಯೌವನದಲ್ಲಿ ಕೋವಿ ಹಿಡಿದು ಕಾಡು ಸುತ್ತಿದ್ದ ತೇಜಸ್ವಿಯವರಿಗೆ ಈ ತಾಳ್ಮೆ ಹೊಸದಾಗಿರಲಿಲ್ಲ. ಮಿಕ ಬರುವ ಜಾಗ ಗುರುತಿಸಿ ಅಡಗಿ ಕಾಯುವುದಕ್ಕೆ ಮಲೆನಾಡಿನ ಬೇಟೆಗಾರರು ಮರಸು ಕೂರುವುದು ಎನ್ನುತ್ತಾರೆ. ಕೋವಿ ಇಳಿಸಿದ ಮೇಲೂ ಮರಸು ಉಳಿಯಿತು. ಹಕ್ಕಿ ಯಾವ ಹೊತ್ತಿಗೆ ನೀರಿಗಿಳಿಯುತ್ತದೆ, ಯಾವ ಕೊಂಬೆಯ ಮೇಲೆ ಕೂರುತ್ತದೆ ಎಂಬುದನ್ನು ಮೊದಲು ಅರಿತು, ಮರೆಯಲ್ಲಿ ಕುಳಿತವನಿಗೆ ಫೋಕಸ್ ಮುಂಚೆಯೇ ಸಿದ್ಧವಾಗಿರುತ್ತದೆ. ಗೂಡಿನ ಬಳಿ ಮಾತ್ರ ಈ ಉಪಾಯ ಅಪಾಯಕಾರಿ. ಬೆದರಿದ ತಾಯಿ ಮೊಟ್ಟೆಗಳನ್ನೇ ತೊರೆಯಬಹುದು. ಚಿತ್ರಕ್ಕಾಗಿ ಮರಿಗಳ ಜೀವ ತೆರುವುದಾದರೆ ಕೋವಿಗೂ ಕ್ಯಾಮೆರಾಕ್ಕೂ ಏನು ಅಂತರ?

ಈ ಕಾಯುವಿಕೆ ಕಾಲಹರಣವಾಗಲಿಲ್ಲ. 'ಮಿಂಚುಳ್ಳಿ', 'ಹೆಜ್ಜೆ ಮೂಡದ ಹಾದಿ', 'ಹಕ್ಕಿ ಪುಕ್ಕ' ಎಂಬ ಕನ್ನಡ ನಾಡಿನ ಹಕ್ಕಿಗಳ ಪುಸ್ತಕಗಳು ಬಂದವು. ಇಂಗ್ಲಿಷ್ ಕೈಪಿಡಿ ಓದಲಾಗದ ಹಳ್ಳಿಯ ಹುಡುಗನೂ ತನ್ನ ಹಿತ್ತಲಿನ ಹಕ್ಕಿಯನ್ನು ಕನ್ನಡದಲ್ಲೇ ಗುರುತಿಸುವಂತಾಯಿತು. ಹೊಗಳಿಕೆಯೆನಿಸಿದರೂ ಹೇಳಬೇಕು, ಕಾದಂಬರಿಗಿಂತ ಇದು ಸಣ್ಣ ಕೆಲಸವಲ್ಲ.

ಅಂದಹಾಗೆ, ಅಳಿವೆಯ ದಂಡೆಯಲ್ಲಿ ಮಲೆನಾಡಿಗಿಲ್ಲದ ಇನ್ನೊಂದು ತೊಡಕಿದೆ. ಕಾದ ಮರಳಿನಿಂದೇಳುವ ಬಿಸಿಗಾಳಿ ಅಲುಗಾಡುವುದರಿಂದ ಮಧ್ಯಾಹ್ನ ತೆಗೆದ ದೂರದ ಚಿತ್ರ ಎಂಥ ಲೆನ್ಸಿನಲ್ಲೂ ಕದಡಿಯೇ ಬರುತ್ತದೆ. ಬೆಳಗಿನ ಜಾವವೇ ಹೋಗಿ ಕೂರಬೇಕು.

2007ರ ಏಪ್ರಿಲ್ 5ರಂದು ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಮನೆಯಲ್ಲಿ ಹೃದಯಾಘಾತದಿಂದ ನಿಧನರಾದರು. ಅವರು ತೆಗೆದ ಹಕ್ಕಿಗಳ ಚಿತ್ರಗಳು ಆ ಬಳಿಕವೂ ಪ್ರದರ್ಶನಗೊಂಡಿವೆ.